ಮೂವತ್ತು ಬುಟ್ಟಿಗಳ ಊರು

ಆ ಮಂಗಳವಾರ ಉಳಿದೆಲ್ಲ ಮಂಗಳವಾರಗಳಂತೆಯೇ ಇತ್ತು. ಬೆಳಿಗ್ಗೆ ಬಂಡೆಯ ನೆತ್ತಿಯಿಂದ ಎತ್ತುಗಳ ಕೊರಳಗಂಟೆ ಕೇಳಿಸಿತು, ಹಗ್ಗ ಬಿಗಿಯಿತು, ಮೊದಲ ಬುಟ್ಟಿ ನೆಲ ಬಿಟ್ಟು ಮೇಲಕ್ಕೆದ್ದಿತು. ಬುಟ್ಟಿಗಳನ್ನು ಒಂದೊಂದಾಗಿ ಹಗ್ಗದ ಕೊಕ್ಕೆಗೆ ಸಿಕ್ಕಿಸುವುದು ಚಿಕ್ಕೀರಯ್ಯನ ಕೆಲಸ. ಇಪ್ಪತ್ತು ವರ್ಷದಿಂದ ಅವನು ಅದನ್ನೇ ಮಾಡುತ್ತಿದ್ದ. ಅಂದು ಅವನ ರುಮಾಲಿನ ಮಡಿಕೆಯಲ್ಲಿ ಅವನದೇ ಒಂದು ಚೀಟಿ ಇತ್ತು. ಹೆಂಡತಿ ಪುಟ್ಟಗೌರಿಗೆ ಭಾನುವಾರದಿಂದ ಜ್ವರ. ಲಕ್ಷಣಗಳನ್ನೆಲ್ಲ ಬರೆದು, ಮೇಲೂರಿನ ಪಂಡಿತರಿಂದ ಮದ್ದು ಕೇಳಿದ್ದ.

ಮದುವೆಯ ಮನೆಯಲ್ಲಿ ಬಡಿಸುವವರು ಕೊನೆಯ ಪಂಕ್ತಿಯಲ್ಲಿ ಉಣ್ಣುತ್ತಾರೆ. ಬುಟ್ಟಿಕಟ್ಟೆಯಲ್ಲಿಯೂ ಅದೇ ರೂಢಿ. ಕಟ್ಟೆಯವನ ಸ್ವಂತದ್ದು ಊರವರದಾದ ಮೇಲೆ. ಹೇಗೂ ಅದೇ ದಿನ ಏರುತ್ತದಲ್ಲ ಎಂದುಕೊಂಡು ಚಿಕ್ಕೀರಯ್ಯ ಸಾಲು ಸವೆಯುವವರೆಗೆ ಕಾದು, ಮೂವತ್ತಾರನೆಯ ಬುಟ್ಟಿಯಲ್ಲಿ ಚೀಟಿ ಇಟ್ಟ. ಅದರ ಹಿಂದೆ ನಂಜಶೆಟ್ಟರ ಹುಣಿಸೆಹಣ್ಣಿನ ನಾಲ್ಕು ಬುಟ್ಟಿಗಳು ಏರಿದವು. ನಲವತ್ತಕ್ಕೆ ಕೊಂಡಿ ಬಿತ್ತು, ಹಗ್ಗ ನಿಂತಿತು. ಅವನು ಮನೆಗೆ ಹೋಗಿ ಗೌರಿಯ ಹಣೆಗೆ ಒದ್ದೆ ಬಟ್ಟೆ ಹಾಕಿ, ನಾಳೆ ಮದ್ದು ಬರುತ್ತದೆ ಎಂದು ಹೇಳಿದ.

ಆ ಊರು ಒಂದು ದೊಡ್ಡ ಬಂಡೆಯ ಬುಡದಲ್ಲಿತ್ತು. ಬಂಡೆಯ ಮೇಲೆ ಮೇಲೂರು; ಅಲ್ಲಿ ಅರಮನೆ, ಪಂಡಿತರು, ಪೇಟೆ, ಪಾಠಶಾಲೆ ಎಲ್ಲವೂ. ಮೇಲಿನಿಂದ ಕೆಳಗೆ ಬರಲು ನುಣುಪಾದ ಒಂದು ಜಾರುಬಂಡೆ. ಹಲಗೆಯ ಮೇಲೆ ಕಟ್ಟಿ ಬಿಟ್ಟರೆ ಏನಾದರೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಇಳಿಯುತ್ತಿತ್ತು: ಸೀರೆ, ಸಕ್ಕರೆ, ಆಟಿಕೆ, ಪಂಚಾಂಗ, ಹೊಸ ಕಥೆ, ಹೊಸ ಹಾಡು, ಅರಮನೆಯ ಅಪ್ಪಣೆ. ಇಳಿಯುವುದಕ್ಕೆ ಯಾರೂ ಲೆಕ್ಕವಿಟ್ಟಿರಲಿಲ್ಲ. ಏರುವುದಕ್ಕೆ ಮಾತ್ರ ಈ ಒಂದು ಹಗ್ಗ, ಹಗ್ಗದ ತುದಿಗೆ ರಾಟೆ, ರಾಟೆಗೆ ಒಂದು ಜೊತೆ ಎತ್ತು. ಸರಕಿಗಾಗಲಿ ಮನುಷ್ಯರಿಗಾಗಲಿ ಬೇರೆ ದಾರಿ ಇರಲಿಲ್ಲ. ಹೀಗಾಗಿ ಊರಿನವರು ಕೇಳುವುದರಲ್ಲಿ ಸಿರಿವಂತರು, ಹೇಳುವುದರಲ್ಲಿ ಬಡವರು. ಜಾರುಬಂಡೆಯ ಬಳಿ ಸದಾ ಜಾತ್ರೆಯಂತೆ ಜನವಿರುತ್ತಿತ್ತು. ಹಗ್ಗದ ಬಳಿ ಚಿಕ್ಕೀರಯ್ಯ ಒಬ್ಬನೇ.

ಕಟ್ಟೆಯ ಗೋಡೆಯಲ್ಲಿ ಒಂದು ಗೂಟದ ಹಲಗೆ ಇತ್ತು. ಅದರಲ್ಲಿ ಐವತ್ತು ತೂತು. ಎಷ್ಟನೆಯ ತೂತಿನಲ್ಲಿ ಗೂಟವಿದೆಯೋ ಅಷ್ಟು ಬುಟ್ಟಿ ಏರಿದ ಮೇಲೆ ಕೊಂಡಿ ತಾನಾಗಿ ಬೀಳುತ್ತಿತ್ತು. ಮರುದಿನ ಬೆಳಗಿನವರೆಗೆ ಹಗ್ಗ ಅಲುಗುತ್ತಿರಲಿಲ್ಲ. ಹಗ್ಗ ಕಟ್ಟಿದ ಅರಮನೆಯ ಬಡಗಿಗಳು ಗೂಟವನ್ನು ನಲವತ್ತರಲ್ಲಿಟ್ಟು ಹೋಗಿದ್ದರು. ಕಟ್ಟೆಯ ಕಲ್ಲಿನ ಮೇಲೂ ‘ದಿನಕ್ಕೆ ನಲವತ್ತು’ ಎಂದು ಕೆತ್ತಿಸಿದ್ದರು. ಆಮೇಲೆ ಆ ಗೂಟವನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ಮುಟ್ಟಬಹುದು ಎಂಬುದೇ ಹಲವರಿಗೆ ಗೊತ್ತಿರಲಿಲ್ಲ.

ಬುಧವಾರ ಮದ್ದು ಬರಲಿಲ್ಲ, ಗುರುವಾರವೂ ಬರಲಿಲ್ಲ. ಶನಿವಾರ ಬೆಳಿಗ್ಗೆ ಪುಟ್ಟಗೌರಿ ತೀರಿಕೊಂಡಳು. ಸೋಮವಾರ ಮಧ್ಯಾಹ್ನ ಜಾರುಬಂಡೆಯಲ್ಲಿ ಮದ್ದಿನ ಕರಡಿಗೆ ಇಳಿದು ಬಂತು. ಜೊತೆಗೆ ಪಂಡಿತರ ಓಲೆ. ಚೀಟಿ ಈಗ ತಾನೇ ಕೈಸೇರಿತೆಂದೂ ಒಂದು ಗಳಿಗೆಯೂ ತಡಮಾಡದೆ ಕಳಿಸುತ್ತಿರುವೆನೆಂದೂ ಬರೆದಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಊರು ಬಂದು ಮರುಗಿತು. ನಂಜಶೆಟ್ಟರು ಅಕ್ಕಿ ಕಳಿಸಿದರು. ವಿಧಿ ಎಂದವರೂ ಇದ್ದರು, ಮೇಲಿನವರ ಸೋಮಾರಿತನ ಎಂದು ಬೈದವರೂ ಇದ್ದರು. ಚಿಕ್ಕೀರಯ್ಯ ಎರಡಕ್ಕೂ ತಲೆಯಾಡಿಸಲಿಲ್ಲ. ಅವನು ಎಣಿಸತೊಡಗಿದ.

ಮೇಲಿನವರು ಬುಟ್ಟಿಯನ್ನು ಬರಿದು ಮಾಡಿದ ಕೂಡಲೇ ಅದನ್ನು ಜಾರುಬಂಡೆಯಲ್ಲಿ ಹಿಂದಕ್ಕೆ ಬಿಡುತ್ತಿದ್ದರು. ಅವನು ಏರಿದ ಬುಟ್ಟಿಗೆ ಒಂದು ಕಡೆ ಹರಳಿಟ್ಟ, ಮರಳಿದ ಬುಟ್ಟಿಗೆ ಇನ್ನೊಂದು ಕಡೆ ಹರಳಿಟ್ಟ. ಏರಿದವು ನಲವತ್ತು, ಮರಳಿದವು ಮೂವತ್ತೈದು. ಮರುದಿನವೂ ಅಷ್ಟೇ. ಒಂದು ವಾರವನ್ನು ಅವನು ನಂಬಲಿಲ್ಲ. ನಾಲ್ಕು ವಾರ ಎಣಿಸಿದ. ಜಿನುಗು ಮಳೆಯ ಒಂದು ದಿನ ಮೂವತ್ತೆರಡೇ ಮರಳಿದವು. ಅದಕ್ಕಿಂತ ಕಡಿಮೆ ಎಂದೂ ಆಗಲಿಲ್ಲ. ಅಂದರೆ ಮೇಲಿನ ಜಗಲಿಯ ಮೇಲೆ ದಿನಕ್ಕೆ ಕೊನೆಯ ಐದು ಬುಟ್ಟಿ ಉಳಿಯುತ್ತಿದ್ದವು, ಮರುದಿನ ಬಂದವು ಅವುಗಳ ಮೇಲೆ ಬೀಳುತ್ತಿದ್ದವು. ಆಳುಗಳು ಕೈಗೆ ಮೊದಲು ಸಿಕ್ಕಿದ್ದನ್ನು, ಎಂದರೆ ರಾಶಿಯ ಮೇಲಿದ್ದುದನ್ನು, ಮೊದಲು ಎತ್ತುತ್ತಿದ್ದರು. ಅಡಿಯಲ್ಲಿದ್ದುದು ಅಡಿಯಲ್ಲೇ. ಸೋಮವಾರ ಎತ್ತುಗಳಿಗೆ ನೊಗವಿಲ್ಲ, ಹಗ್ಗಕ್ಕೂ ರಜೆ. ಆ ಒಂದು ದಿನ ಆಳುಗಳು ಉಳಿದ ಮೂವತ್ತನ್ನೂ ತೆಗೆದು ಜಗಲಿ ಗುಡಿಸುತ್ತಿದ್ದರು. ವಾರದ ಕೊನೆಗೆ ಲೆಕ್ಕ ಸರಿಹೋಗುತ್ತಿದ್ದುದರಿಂದ ಇಷ್ಟು ವರ್ಷ ಯಾರ ಕಣ್ಣಿಗೂ ಏನೂ ಬಿದ್ದಿರಲಿಲ್ಲ.

ಮೂವತ್ತೈದರೊಳಗೆ ಹೋದದ್ದು ಅಂದೇ ತಲುಪುತ್ತಿತ್ತು. ಅವನ ಚೀಟಿ ಮೂವತ್ತಾರನೆಯದು. ಇದನ್ನು ಅವನು ಯಾರಿಗೂ ಹೇಳಲಿಲ್ಲ.

ನಾಲ್ಕು ವಾರ ಮುಗಿದ ಮರುದಿನ, ಮೊದಲ ಬುಟ್ಟಿ ಏರುವ ಮುಂಚೆ, ಅವನು ಗೂಟಕ್ಕೆ ಎಣ್ಣೆ ಬಿಟ್ಟು, ಕಲ್ಲಿನಿಂದ ಮೆಲ್ಲಗೆ ತಟ್ಟಿ ಕಿತ್ತು, ಮೂವತ್ತನೆಯ ತೂತಿನಲ್ಲಿ ಕೂರಿಸಿದ.

ಸಂಜೆಯೊಳಗೆ ಊರೆಲ್ಲ ಕಟ್ಟೆಯ ಮುಂದಿತ್ತು. ಕಲ್ಲಿನ ಮೇಲೆ ಕೆತ್ತಿದ್ದನ್ನು ಓದಲು ಬರುವುದಿಲ್ಲವೇ ಎಂದು ಪಾರುಪತ್ಯಗಾರರು ಕೇಳಿದರು. ಹತ್ತು ಬುಟ್ಟಿ ಯಾರ ಮನೆಗೆ ಹೊರಟವು ಎಂದು ಹಿಂದಿನಿಂದ ಒಬ್ಬ ಕುಹಕವಾಡಿದ. ನಂಜಶೆಟ್ಟರು ಮಾತ್ರ ಮೆದುವಾಗಿ, ದುಃಖದಲ್ಲಿ ಕೈ ತಪ್ಪುವುದು ಸಹಜ, ಗೂಟವನ್ನು ನಾನೇ ಸರಿಪಡಿಸುತ್ತೇನೆ ಎಂದು ಮುಂದೆ ಬಂದರು.

“ಕೈ ತಪ್ಪಿಲ್ಲ ಶೆಟ್ಟರೆ,” ಎಂದ ಚಿಕ್ಕೀರಯ್ಯ. “ಮೇಲಿನವರಿಗೆ ಎತ್ತಲು ಆಗುವುದಕ್ಕಿಂತ ಒಂದು ಬುಟ್ಟಿ ಹೆಚ್ಚು ಕಳಿಸಿದರೂ ಸಾಲು ಅಲ್ಲಿ ನಿಲ್ಲುತ್ತದೆ. ಅಲ್ಲಿ ನಿಂತ ಸಾಲು ನನ್ನ ಮಾತು ಕೇಳುವುದಿಲ್ಲ. ಒಂದು ಬುಟ್ಟಿ ಕಡಿಮೆ ಕಳಿಸಿದರೆ ಸಾಲು ಇಲ್ಲೇ, ನನ್ನ ಕಣ್ಣೆದುರು ನಿಲ್ಲುತ್ತದೆ. ಇಲ್ಲಾದರೆ ಯಾರು ಮೊದಲು ಅಂತ ನಾವೇ ಹೇಳಬಹುದು.”

“ಕಡಿಮೆ ಕಳಿಸಿದರೆ ಬೇಗ ತಲುಪುತ್ತದೆ ಅನ್ನು. ಹಾಗಾದರೆ ನಾಳೆಯಿಂದ ನಾನೂ ಎರಡೇ ತುತ್ತು ಉಣ್ಣುತ್ತೇನೆ, ಬೇಗ ಹೊಟ್ಟೆ ತುಂಬಲಿ,” ಎಂದರು ಶೆಟ್ಟರು. ಜನ ನಕ್ಕರು.

ಒಂದು ವಾರ ನೋಡಿ ಎಂದು ಅವನು ಬೇಡಿಕೊಂಡ. ಗೌರಿಯ ಹೆಸರೆತ್ತಲಿಲ್ಲ. ಆದರೆ ಎಲ್ಲರಿಗೂ ಅವಳೇ ನೆನಪಾಗಿ, ಒಂದು ವಾರಕ್ಕೆ ಒಪ್ಪಿದರು.

ಅವನು ಕಟ್ಟೆಯ ಮೇಲೆ ನಾಲ್ಕು ಗುಡ್ಡೆಗಳಿಗೆ ಜಾಗ ಗುರುತಿಸಿದ, ನಾಲ್ಕು ಬಣ್ಣದ ದಾರ ತಂದ. ಮೇಲೆ ಯಾರಾದರೂ ಉತ್ತರ ಕೊಡಬೇಕಾದ, ಉತ್ತರಕ್ಕೆ ಇಲ್ಲಿ ಯಾರಾದರೂ ಕಾಯುತ್ತಿರುವ ಮಾತಿಗೆ ಕೆಂಪು. ಹಾಲು, ಹೂವು, ವೀಳ್ಯದೆಲೆಗೆ ಹಳದಿ. ವ್ಯಾಪಾರದ ಸರಕಿಗೆ ಬಿಳಿ. ಕಾಯಬಲ್ಲದ್ದಕ್ಕೆಲ್ಲ ಕಪ್ಪು. ಕೆಂಪು ಮುಗಿಯದೆ ಹಳದಿಯಿಲ್ಲ, ಹಳದಿ ಮುಗಿಯದೆ ಬಿಳಿಯಿಲ್ಲ. ಮೂರೂ ಬರಿದಾದ ಮೇಲೆ ಕಪ್ಪು. ಬಂದವರಿಗೆಲ್ಲ ಅವನದು ಒಂದೇ ಪ್ರಶ್ನೆ: “ಕಾದರೆ ಕೆಡುತ್ತದೆಯೆ?” ಒಂದರ ಬುಟ್ಟಿಯಲ್ಲಿ ಇನ್ನೊಂದನ್ನು ಅಡಗಿಸಿ ಕಳಿಸುವಂತಿಲ್ಲ ಎಂಬ ಕಟ್ಟಳೆಯೂ ಇತ್ತು. ಮೊದಲ ದಿನವೇ ಒಬ್ಬರು ಪಂಡಿತರಿಗೆ ಬರೆದ ಚೀಟಿಯ ಕೆಳಗೆ ಹತ್ತು ಸೇರು ಮೆಣಸು ತುಂಬಿಸಿ ತಂದಿದ್ದರು.

ಆ ವಾರ ಕುಂಬಾರರ ಮನೆಯ ಕೂಸಿಗೆ ಕೆಮ್ಮು ಕಟ್ಟಿಕೊಂಡಿತು. ಚೀಟಿ ಬೆಳಿಗ್ಗೆ ಏರಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮದ್ದು ಬಂತು. ಕೂಸಿನ ಅಜ್ಜಿ ಕಟ್ಟೆಗೆ ಬಂದು ಹಣೆಯಿಟ್ಟು ನಮಸ್ಕರಿಸಿ ಹೋದಳು. ಮತ್ತೆ ಯಾರೂ ಗೂಟದ ಮಾತೆತ್ತಲಿಲ್ಲ. ಪಾರುಪತ್ಯಗಾರರು ಒಮ್ಮೆ ಮಾತ್ರ ತಮ್ಮ ಮನೆಯದೊಂದು ಮೂವತ್ತೊಂದನೆಯ ಬುಟ್ಟಿ ಬಿಡಿಸೆಂದು ಕೇಳಿದ್ದರು. ಮೇಲೆ ರಾಶಿ ಶುರುವಾಗುವುದೇ ಆ ಒಂದರಿಂದ ಎಂದು ಅವನು ಕೈಮುಗಿದ. ಅವರಿಗೆ ಸಿಟ್ಟು ಬಂದರೂ, ಹೊರಗೆ ಅದನ್ನೇ ಹೊಗಳಿ ಹೇಳಿಕೊಂಡು ತಿರುಗಿದರು.

ಮೇಲೂರಿನಲ್ಲಿ ಪುಟ್ಟಗೌರಿಯ ತಾಯಿ ಸಾಕಮ್ಮ ಇದ್ದಳು. ಗಂಡನಿಲ್ಲ, ಬೇರೆ ಮಕ್ಕಳಿಲ್ಲ. ಅವಳಿಗೆ ಮಗಳ ಸಾವನ್ನು ತಿಳಿಸಬೇಕಿತ್ತು. ಹರಳೆಣಿಸಿದ ನಾಲ್ಕು ವಾರದಲ್ಲಿ ಚಿಕ್ಕೀರಯ್ಯ ಬರೆಯಲು ಹಲವು ಸಲ ಕೂತಿದ್ದ. ನಮಸ್ಕಾರದವರೆಗೆ ಬಂದು ಲೇಖನಿ ನಿಂತುಬಿಡುತ್ತಿತ್ತು. ಗೂಟ ಬದಲಿಸಿದ ವಾರ ಕೊನೆಗೂ ಬರೆದು ಮುಗಿಸಿದ. ಬರೆದದ್ದನ್ನು ಕೈಯಲ್ಲಿ ಹಿಡಿದು, ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ತನಗೂ ಕೇಳಿಕೊಂಡ. ಇದಕ್ಕೆ ಉತ್ತರ ಬೇಕಿಲ್ಲ. ಇದು ಕೆಡುವುದೂ ಇಲ್ಲ. ನಾಳೆ ತಲುಪಿದರೂ ನಾಡಿದ್ದು ತಲುಪಿದರೂ ನಡೆದದ್ದು ನಡೆದದ್ದೇ. ಅವನು ಕಾಗದಕ್ಕೆ ಕಪ್ಪು ದಾರ ಕಟ್ಟಿ ನಾಲ್ಕನೆಯ ಗುಡ್ಡೆಯ ಕೊನೆಗೆ ಇಟ್ಟ.

ಆ ಗುಡ್ಡೆಯಲ್ಲಿ ಆಗಲೇ ಹದಿನೈದಿಪ್ಪತ್ತು ಕಾಗದಗಳಿದ್ದವು. ಕುಂಬಾರರ ಅಜ್ಜಿ ಪಂಡಿತರಿಗೆ ಬರೆಸಿದ ಕೃತಜ್ಞತೆ ಅಲ್ಲಿತ್ತು. ಮೇಲೂರಿನ ಅಣ್ಣನ ಜೊತೆ ಹನ್ನೆರಡು ವರ್ಷದಿಂದ ಮಾತು ಬಿಟ್ಟ ತಮ್ಮನೊಬ್ಬ ಬರೆದ ಕ್ಷಮೆ ಅಲ್ಲಿತ್ತು. ಮೊದಮೊದಲು ಸಂಜೆಯ ಹೊತ್ತಿಗೆ ಅಲ್ಲಿಂದಲೂ ಒಂದೆರಡು ಏರುತ್ತಿದ್ದವು. ಆದರೆ ಕೆಂಪು ದಾರ ಕಟ್ಟಿದರೆ ಅಂದೇ ಉತ್ತರ ಬರುತ್ತದೆಂದು ತಿಳಿದ ಮೇಲೆ ಊರಿನ ಪ್ರಶ್ನೆಗಳು ಹೆಚ್ಚಿದವು. ಮೇಲೂರಿನಲ್ಲಿ ಇಂದು ಮೆಣಸಿನ ಧಾರಣೆ ಎಷ್ಟು ಎಂದು ಶೆಟ್ಟರು ಬೆಳಿಗ್ಗೆ ಕೇಳುತ್ತಿದ್ದರು, ಮಧ್ಯಾಹ್ನ ಮತ್ತೆ ಕೇಳುತ್ತಿದ್ದರು. ದೊರೆಗಳ ಆರೋಗ್ಯ ಹೇಗಿದೆ ಎಂದು ಪಾರುಪತ್ಯಗಾರರು ದಿನವೂ ವಿಚಾರಿಸುತ್ತಿದ್ದರು. ಇವೆಲ್ಲ ಉತ್ತರ ಬೇಡುವ ಮಾತುಗಳೇ, ಕಾಯುವವರೂ ಇದ್ದರು. ಕಟ್ಟಳೆಯ ಪ್ರಕಾರ ಕೆಂಪು. ಮೊದಲ ಮೂರು ಗುಡ್ಡೆಗಳಿಗೇ ಮೂವತ್ತು ಬುಟ್ಟಿ ಸಾಲದಾಯಿತು. ಗೌರಿ ಹೋದದ್ದು ಕಾರ್ತಿಕದಲ್ಲಿ. ಪುಷ್ಯದ ಹೊತ್ತಿಗೆ ನಾಲ್ಕನೆಯ ಗುಡ್ಡೆ ಏರುವುದು ನಿಂತೇಹೋಗಿತ್ತು. ಕಟ್ಟೆಯವನದು ಕೊನೆಗೆ ಎಂಬ ರೂಢಿ ಹಾಗೇ ಇತ್ತು. ಹೊಸದಾಗಿ ಕಪ್ಪು ದಾರದ್ದು ಬಂದಾಗಲೆಲ್ಲ ಚಿಕ್ಕೀರಯ್ಯ ತನ್ನ ಕಾಗದವನ್ನು ಎತ್ತಿ ಅದರ ಹಿಂದಕ್ಕೆ ಇಡುತ್ತಿದ್ದ. ಎಲ್ಲವನ್ನೂ ಬದಲಾಯಿಸಿದವನು ಅದೊಂದನ್ನು ಬದಲಾಯಿಸಲಿಲ್ಲ.

ಶೆಟ್ಟರ ಗುಮಾಸ್ತ ಒಮ್ಮೆ ಮೇಲೂರಿಗೆ ಹೊರಟು ಬುಟ್ಟಿಯಲ್ಲಿ ಕೂತಿದ್ದ. “ಅಯ್ಯಾ, ಕಾಗದ ಇಲ್ಲೇ ಇರಲಿ. ನಿಮ್ಮತ್ತೆಯ ಮನೆ ಹುಡುಕಿ ಬಾಯಲ್ಲಿ ಹೇಳಿ ಬರುತ್ತೇನೆ. ಬಾಯಿಗೇನು ಭಾರವೇ?” ಎಂದ.

ಚಿಕ್ಕೀರಯ್ಯ ಬುಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿದ. “ಸುದ್ದಿಯೂ ಹೊರೆಯೇ,” ಎಂದ. “ನಿನ್ನ ಬುಟ್ಟಿಗೆ ಬಿಳಿ ದಾರ ಕಟ್ಟಿದೆ. ಅದರಲ್ಲಿ ನನ್ನದನ್ನು ಅಡಗಿಸಬೇಡ.” ಗುಮಾಸ್ತ ಒಂದಿಷ್ಟು ಗೊಣಗಿ ಏರಿಹೋದ.

ಸಂಕ್ರಾಂತಿಗೆ ಜಾರುಬಂಡೆಯಲ್ಲಿ ಎಳ್ಳು ಬೆಲ್ಲ ಇಳಿದು ಬಂತು. ಬಟ್ಟೆಯ ಮೇಲೆ ಯಾರ ಕೈಯಲ್ಲೋ ಬರೆಸಿದ ಅಕ್ಷರ: ಮಗಳು ಪುಟ್ಟಗೌರಿಗೆ. ಯುಗಾದಿಗೆ ಹಸಿರು ಸೀರೆ ಬಂತು. ಜೊತೆಗೆ ಎರಡು ಸಾಲು, ಬರೆಯಲು ಪುರುಸೊತ್ತಿಲ್ಲದಷ್ಟು ಕೆಲಸವೇನೇ ನಿನಗೆ ಎಂದು. ಚಿಕ್ಕೀರಯ್ಯ ಬಂದದ್ದನ್ನೆಲ್ಲ ಮನೆಯ ಗೂಡಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟ. ಊರಿನಲ್ಲಿ ಯಾರೂ ಈಗ ಗೌರಿಯ ಹೆಸರು ಹೇಳುತ್ತಿರಲಿಲ್ಲ, ಅವನಿಗೆ ನೋವಾದೀತೆಂದು. ಅವನು ಹೆಸರಿರುವ ಆ ಬಟ್ಟೆಯ ತುಂಡುಗಳನ್ನು ಮಡಿಸಿ ಇಟ್ಟುಕೊಂಡ. ಮೇಲೂರಿನ ಒಂದು ಮನೆಯಲ್ಲಿ ಗೌರಿ ಇನ್ನೂ ಇದ್ದಳು. ಅಲ್ಲಿ ಅವಳು ಸೋಮಾರಿ, ಮರೆಗುಳಿ, ತಾಯಿಗೆ ಕಾಗದ ಬರೆಯದ ಮಗಳು.

ಭಾದ್ರಪದದಲ್ಲಿ ಗೌರಿಹಬ್ಬದ ಬಾಗಿನ ಬಂತು. ಹೊಸ ಜೋಡಿ ಮೊರ, ಅರಿಶಿನ ಬಳಿದದ್ದು. ಒಂದರ ಮೇಲೊಂದು ಮುಚ್ಚಿ ದಾರ ಸುತ್ತಿದ್ದರು. ಒಳಗೆ ಬಳೆ, ಬಿಚ್ಚೋಲೆ, ಅಕ್ಕಿ ಬೇಳೆಗಳು ಅಲುಗಿದ ಸದ್ದು. ತಾಯಿಯ ಬಾಗಿನ ಬಂದರೆ ಮಗಳು ಮರುಬಾಗಿನ ಕಳಿಸಬೇಕು. ಕಾಗದ ತಪ್ಪಬಹುದು, ಅದು ತಪ್ಪುವಂತಿಲ್ಲ. ಚಿಕ್ಕೀರಯ್ಯ ಮೊರವನ್ನು ಬಿಚ್ಚದೆ ಗೂಡಿನ ಮೇಲಿಟ್ಟ.

ಆಶ್ವಯುಜದ ಒಂದು ಬೆಳಿಗ್ಗೆ ಜಾರುಬಂಡೆಯ ಬಳಿ ಗದ್ದಲವಾಯಿತು. ಹಲಗೆಗೆ ಹಾಸಿಗೆ ಸುತ್ತಿ, ಅದರ ಮೇಲೆ ಒಬ್ಬ ಮುದುಕಿಯನ್ನು ಕೂರಿಸಿ ಬಿಟ್ಟಿದ್ದರು. ಆ ವಯಸ್ಸಿನವರು ಇಳಿಯುತ್ತಿರಲಿಲ್ಲ, ಇಳಿದವರು ಏರಬೇಕಲ್ಲ. ಅವಳು ಸೆರಗು ಸರಿಪಡಿಸಿಕೊಂಡು, ದಾರಿ ಕೇಳಿಕೊಂಡು, ನೇರ ಬುಟ್ಟಿಕಟ್ಟೆಗೆ ಬಂದಳು.

“ಅಳಿಯಂದಿರೆ,” ಎಂದಳು ಸಾಕಮ್ಮ. “ಗೌರಿಗೆ ನನ್ನ ಮೇಲೆ ಕೋಪವೇ?”

ಚಿಕ್ಕೀರಯ್ಯ ಕೈಯಲ್ಲಿದ್ದ ಬುಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ ಕಳಿಸಿದ. ಅದು ಹನ್ನೊಂದನೆಯದು. ಆಮೇಲೆ ನಾಲ್ಕನೆಯ ಗುಡ್ಡೆಗೆ ಹೋಗಿ, ಅದರ ತೀರ ಹಿಂದಿನಿಂದ ತನ್ನ ಕಾಗದ ತಂದು ದಾರ ಬಿಚ್ಚಿದ. ಅವಳಿಗೆ ಓದು ಬರುತ್ತಿರಲಿಲ್ಲ. ಅವನೇ ಓದಿದ.

“ಅತ್ತೆಯವರ ಪಾದಗಳಿಗೆ ಚಿಕ್ಕೀರಯ್ಯನ ನಮಸ್ಕಾರಗಳು. ಪುಟ್ಟಗೌರಿ ಶನಿವಾರ ಬೆಳಿಗ್ಗೆ ತೀರಿಕೊಂಡಳು. ಆರು ದಿನ ಜ್ವರವಿತ್ತು. ಶುಕ್ರವಾರ ಸಾರು ಅನ್ನ ಎರಡು ತುತ್ತು ತಿಂದಳು. ನೀವು ಮಾಡುವ ಸಾರಿನ ಹಾಗಿಲ್ಲ ಎಂದಳು. ನಿಮಗೆ ತಿಳಿಸುವುದು ನನ್ನ ಕರ್ತವ್ಯ.”

ಸಾಕಮ್ಮ ಕಟ್ಟೆಯ ಅಂಚಿಗೆ ಕೂತಳು. ಯಾವ ಶನಿವಾರ ಎಂದು ಕೇಳಿದಳು. ಅವನು ಹೇಳಿದ. ಅವಳು ಬೆರಳು ಮಡಿಸಿ ತಿಂಗಳುಗಳನ್ನು ಎಣಿಸಿದಳು.

“ಕಾಗದ ಯಾವಾಗ ಬರೆದಿರಿ?”

“ಆದ ಐದನೆಯ ವಾರ. ಕಾದರೆ ಕೆಡುವಂಥದಲ್ಲ ಅಂತ ಇಲ್ಲಿಟ್ಟಿದ್ದೆ ಅತ್ತೆ.”

ಅವಳು ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಕೆಟ್ಟಿಲ್ಲ,” ಎಂದಳು. “ಚೆನ್ನಾಗೇ ಇದೆ.” ಅದನ್ನು ಮಡಿಸಿ ಎಲೆಯಡಿಕೆಯ ಚೀಲದಲ್ಲಿಟ್ಟುಕೊಂಡಳು.

ಅವನು ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಗೂಡನ್ನು ತೋರಿಸಿದ. ಅವಳು ಸೀರೆಯನ್ನೂ ಎಳ್ಳಿನ ಗಂಟನ್ನೂ ಮುಟ್ಟಲಿಲ್ಲ. ಬಿಚ್ಚದ ಮೊರವನ್ನು ಮಾತ್ರ ಇಳಿಸಿಕೊಂಡಳು. ಇರಿ ಎಂದ, ಇರುವುದಿಲ್ಲ ಎಂದಳು. ಇಬ್ಬರೂ ಕಟ್ಟೆಗೆ ಹಿಂದಿರುಗಿದರು. ಸಾಲಿನ ಮೊದಲಿಗಿದ್ದ ನಂಜಶೆಟ್ಟರು ತಾವಾಗಿ ಹಿಂದೆ ಸರಿದರು.

“ಅಮ್ಮನಿಗೆ ಕೆಂಪು ಕಟ್ಟಯ್ಯ,” ಎಂದರು. “ಬೇಡ ಅನ್ನುವವರು ಯಾರಿದ್ದಾರೆ ಇಲ್ಲಿ?”

ಯಾರೂ ಬೇಡ ಅನ್ನಲಿಲ್ಲ. ಪಾರುಪತ್ಯಗಾರರೂ ತಲೆದೂಗಿದರು. ಚಿಕ್ಕೀರಯ್ಯ ಕೆಂಪು ದಾರದ ಉಂಡೆಯನ್ನು ಕೈಗೆತ್ತಿಕೊಂಡ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವನು ಪ್ರಶ್ನೆ ಕೇಳದೆ ದಾರ ಹಿಡಿದಿದ್ದ.

“ಇದು ಯಾರಿಗೆ ಕಟ್ಟುವುದು?” ಎಂದು ಸಾಕಮ್ಮನೇ ಕೇಳಿದಳು.

“ಕಾಯುವವರು ಇರುವವರಿಗೆ,” ಎಂದ.

“ನನಗೆ ಅಲ್ಲಿ ಯಾರು ಕಾಯುತ್ತಾರೆ ಅಳಿಯಂದಿರೆ? ಇದ್ದ ಹಸುವನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದೆ. ಸುಳ್ಳು ಕಟ್ಟಬೇಡಿ.” ಮುಂಗೈ ಚಾಚಿ, ಗಲ್ಲದಿಂದ ನಾಲ್ಕನೆಯ ಗುಡ್ಡೆಯತ್ತ ತೋರಿಸಿದಳು. “ಅಲ್ಲಿಯದೇ ಕಟ್ಟಿ. ನನ್ನ ಮಗಳ ಸುದ್ದಿ ಕೂತ ಜಾಗ.”

ಅವನು ಅವಳ ಮುಂಗೈಗೆ ಕಪ್ಪು ದಾರ ಕಟ್ಟಿದ. ಸಾಕಮ್ಮ ಕಪ್ಪು ದಾರದ ಕೈಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಕಾಗದಗಳ ಪಕ್ಕದಲ್ಲಿ, ಗೋಡೆಗೆ ಒರಗಿ ಕೂತಳು. ಸಾಲು ಮತ್ತೆ ಮುಂದುವರಿಯಿತು. ಮೆಣಸಿನ ಧಾರಣೆ ಕೇಳುವ ಚೀಟಿ ಏರಿತು, ವೀಳ್ಯದೆಲೆ ಏರಿತು.

ಮೂವತ್ತನೆಯ ಬುಟ್ಟಿಯಲ್ಲಿ ಹುಣಿಸೆಹಣ್ಣಿತ್ತು. ಕೊಂಡಿ ಬಿತ್ತು, ಹಗ್ಗ ನಿಂತಿತು. ಇನ್ನೂ ಐದು ಬುಟ್ಟಿ ಏರುವಷ್ಟು ಬಿಸಿಲಿತ್ತು.